ಕಟ್ಟಡ ಹಸ್ತಾಂತರವಾದ ಮೇಲೆ ಎಲ್.ಡಿ. (ವಿಳಂಬಕ್ಕೆ ಕರಾರಿನಲ್ಲೇ ಗೊತ್ತುಮಾಡಿದ ದಂಡ) ನೋಟಿಸ್, ಫೈನಲ್ ಬಿಲ್‌ಗೆ ‘ನೋ ಕ್ಲೈಮ್’ ಸಹಿ ಕೇಳುತ್ತಿದ್ದಾರೆ. ಹೇಗೆ ಉತ್ತರಿಸಬೇಕು?

ಪಾಯ_ಮಟ್ಟ (ಪ್ರಶ್ನೆ)

ಸರ್ಕಾರಿ ಹಾಸ್ಟೆಲ್ ಕಟ್ಟಡ, ನೆಲಮಹಡಿ ಮತ್ತು ಎರಡು ಅಂತಸ್ತು. ಐಟಂ ರೇಟ್ (ಪ್ರತಿ ಬಗೆಯ ಕೆಲಸಕ್ಕೂ ಬೇರೆ ದರ) ಟೆಂಡರ್, ಕರಾರು ಮೊತ್ತ ₹4.80 ಕೋಟಿ. ಅವಧಿ ಮಳೆಗಾಲವೂ ಸೇರಿ 12 ತಿಂಗಳು. ವಿವರ ಹೀಗಿದೆ:

ಕರಾರು ಆದದ್ದು 15-5-2023. ಹಳೆಯ ಕಟ್ಟಡ ಕೆಡವಿರಲಿಲ್ಲವಾದ್ದರಿಂದ ಸೈಟ್ ಕೈಗೆ ಬಂದದ್ದು 18-8-2023. ಪಾಯ ತೆಗೆದಾಗ ಮಣ್ಣಿನ ಪರೀಕ್ಷೆ ನೋಡಿ ಬಿಡಿ ಫುಟಿಂಗ್ (ಕಂಬಕ್ಕೊಂದು ಪಾಯ) ಬದಲು ರಾಫ್ಟ್ (ಇಡೀ ಕಟ್ಟಡಕ್ಕೆ ಒಂದೇ ಹಾಸು ಪಾಯ) ಮಾಡಲು ಹೇಳಿದರು. 20-9-2023ರಿಂದ ಕೆಲಸ ನಿಂತು, ಪರಿಷ್ಕೃತ ಡ್ರಾಯಿಂಗ್ 24-11-2023ಕ್ಕೆ ಸಿಕ್ಕಿತು. ಇ.ಒ.ಟಿ. (ಅವಧಿ ವಿಸ್ತರಣೆ) ಕೋರಿ ಎರಡು ಪತ್ರ ಕೊಟ್ಟಿದೆ, ಉತ್ತರವಿಲ್ಲ. ಆದರೆ ಕೆಲಸ ಮುಂದುವರಿಸಲು ಬಿಟ್ಟರು. ಅವಧಿ ಮುಗಿದ ಮೇಲಿನ ಆರ್.ಎ. (ಕೆಲಸ ನಡೆಯುತ್ತಿರುವಾಗಿನ ಕಂತಿನ) ಬಿಲ್‌ಗಳಲ್ಲೂ ದಂಡ ಹಿಡಿದಿಲ್ಲ. ಕಟ್ಟಡ ಹಸ್ತಾಂತರ 10-12-2024.

ಗಟ್ಟಿ ಬಂಡೆ ಅಗೆತ ಟೆಂಡರ್‌ನಲ್ಲಿ 180 ಘನ ಮೀಟರ್, ಆದದ್ದು 610. ಹಿಂಬದಿಯ ತಡೆಗೋಡೆ ಟೆಂಡರ್‌ನಲ್ಲೇ ಇಲ್ಲ. ಎ.ಇ.ಇ. (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಬಾಯಿಮಾತಿನಲ್ಲಿ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಹೇಳಿ ಮಾಡಿಸಿದ್ದು, ಸುಮಾರು ₹31 ಲಕ್ಷದ ಕೆಲಸ. ಎಂ.ಬಿ.ಯಲ್ಲಿ (ಅಳತೆ ಪುಸ್ತಕ) ಅಳತೆ ದಾಖಲಾಗಿದೆ, ಇ.ಐ.ಆರ್.ಎಲ್. (ಹೆಚ್ಚುವರಿ ಐಟಂಗಳ ದರಪಟ್ಟಿ) ಮಂಜೂರಾಗಿಲ್ಲ.

ಈಗ 210 ದಿನ ವಿಳಂಬ ಎಂದು ದಿನಕ್ಕೆ ₹24,000ದಂತೆ ಲೆಕ್ಕ ಹಾಕಿ, ಗರಿಷ್ಠ ಮಿತಿ ಶೇ 10 ಇರುವುದರಿಂದ ₹48 ಲಕ್ಷ ಎಲ್.ಡಿ. ಕಡಿತಕ್ಕೆ ನೋಟಿಸ್ ಬಂದಿದೆ. 15 ದಿನದಲ್ಲಿ ಉತ್ತರ ಕೊಡಬೇಕು. ಕೊನೆಯ ಸಾಲಲ್ಲಿ ‘ಕಪ್ಪುಪಟ್ಟಿಗೆ ಏಕೆ ಸೇರಿಸಬಾರದು’ ಎಂದೂ ಇದೆ. ಫೈನಲ್ ಬಿಲ್‌ನಲ್ಲಿ ‘ಇನ್ನು ಯಾವುದೇ ಬೇಡಿಕೆ ಇಲ್ಲ’ ಎಂದು ಬರೆದು ಸಹಿ ಹಾಕಿದರೆ ಮಾತ್ರ ಉಳಿದ ಹಣ ಎನ್ನುತ್ತಿದ್ದಾರೆ. ಕರಾರಿನ ವ್ಯಾಜ್ಯ ಕಲಮಿನಲ್ಲಿ ‘ಅಧೀಕ್ಷಕ ಅಭಿಯಂತರರ ತೀರ್ಮಾನವೇ ಅಂತಿಮ’ ಎಂದಿದೆ. ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಪಂಚರ ತೀರ್ಪು) ಎಂಬ ಪದವೇ ಇಲ್ಲ. ದಾರಿ ಏನು?

---

ಎಂಬಿ_ಪುಟ

ಮೊದಲು ದಿನಗಳ ಲೆಕ್ಕ. ಕಾನೂನು ಆಮೇಲೆ.

ಇಲಾಖೆಯ 210 ದಿನ ಬಂದದ್ದು 14-5-2024ರಿಂದ 10-12-2024ಕ್ಕೆ ಎಣಿಸಿ. ಅಂದರೆ ಅವಧಿಯನ್ನು ಕರಾರಿನ ದಿನದಿಂದಲೇ ಶುರು ಮಾಡಿದ್ದಾರೆ. ನಿಮ್ಮ ಕರಾರಿನಲ್ಲಿ ‘ಆರಂಭ ದಿನಾಂಕ’ದ ವ್ಯಾಖ್ಯೆ ತೆಗೆದು ನೋಡಿ. ಸೈಟ್ ಹಸ್ತಾಂತರದ ದಿನದಿಂದ ಎಣಿಸಬೇಕು ಎಂದಿದ್ದರೆ ಮುಗಿಯಬೇಕಾದ ದಿನವೇ 17-8-2024 ಆಗುತ್ತದೆ, 95 ದಿನ ಇ.ಒ.ಟಿ. ಕೇಳುವ ಪ್ರಮೇಯವೇ ಇಲ್ಲ. ಹಾಗಿಲ್ಲದಿದ್ದರೆ ಆ 95 ದಿನವನ್ನು ಇಲಾಖೆಯ ವಿಳಂಬವೆಂದು ಕೇಳಬೇಕು. ಎರಡರಲ್ಲಿ ಯಾವುದಾದರೂ ಫಲ ಒಂದೇ, ಆದರೆ ಉತ್ತರದಲ್ಲಿ ವಾದ ಬೇರೆ. ಎರಡನ್ನೂ ಕಲಸಿ ಬರೆದರೆ 95 ದಿನವನ್ನು ಎರಡು ಬಾರಿ ಎಣಿಸಿದ್ದಾರೆ ಎಂದು ಅಲ್ಲೇ ಹಿಡಿಯುತ್ತಾರೆ.

ಡ್ರಾಯಿಂಗ್‌ಗಾಗಿ ನಿಂತದ್ದು 20-9ರಿಂದ 24-11ರವರೆಗೆ, 65 ದಿನ. ಒಟ್ಟು 160. ಉಳಿಯುವುದು 50 ದಿನ. ಬಂಡೆ ಮೂರು ಪಟ್ಟಿಗಿಂತ ಹೆಚ್ಚಾದದ್ದು, ತಡೆಗೋಡೆ ಸೇರಿದ್ದು, ಆರ್.ಎ. ಬಿಲ್ ಪಾವತಿ ತಡವಾಗಿದ್ದರೆ ಅದೂ ಸೇರಿ ಇವೆಲ್ಲ ಆ 50ಕ್ಕೆ ಉತ್ತರ. ಅದರಲ್ಲಿ ಒಂದು ದಿನವೂ ಒಪ್ಪಲಿಲ್ಲ ಅಂದುಕೊಳ್ಳಿ: 50 × 24,000 = ₹12 ಲಕ್ಷ. ಅಂದರೆ ಜಗಳ ₹48 ಲಕ್ಷದ್ದಲ್ಲ, ಹೆಚ್ಚೆಂದರೆ ₹12 ಲಕ್ಷದ್ದು. ನೋಟಿಸ್‌ಗೆ ಉತ್ತರದ ಮೊದಲ ಪುಟದಲ್ಲೇ ಈ ಪಟ್ಟಿ ಇರಲಿ: ಅಡ್ಡಿ ಏನು, ಯಾವ ದಿನದಿಂದ ಯಾವ ದಿನಕ್ಕೆ, ಎಷ್ಟು ದಿನ, ದಾಖಲೆ ಯಾವುದು. ನಾಲ್ಕೇ ಅಂಕಣ ಸಾಕು.

ದಾಖಲೆ ವಿಚಾರ. ಸೈಟ್ ಹಸ್ತಾಂತರ ಪತ್ರದಲ್ಲಿ ಎರಡೂ ಕಡೆಯವರ ಸಹಿ ಮತ್ತು ದಿನಾಂಕ ಇರುತ್ತದೆ, ಅದೇ ಸಾಕು. ಡ್ರಾಯಿಂಗ್‌ಗೆ ಪರಿಷ್ಕೃತ ಪ್ರತಿಯ ಶೀರ್ಷಿಕೆ ಚೌಕದಲ್ಲಿರುವ ದಿನಾಂಕಕ್ಕಿಂತ, ಅದನ್ನು ನಿಮಗೆ ಕಳಿಸಿದ ಪತ್ರದ ದಿನಾಂಕ ಮುಖ್ಯ. ವಿನ್ಯಾಸ ವಿಭಾಗ ಅಕ್ಟೋಬರ್‌ನಲ್ಲಿ ಸಹಿ ಹಾಕಿ ನವೆಂಬರ್‌ನಲ್ಲಿ ಕಳಿಸಿರಬಹುದು. ಆಗ ಇಲಾಖೆ ಅಕ್ಟೋಬರ್ ದಿನಾಂಕ ತೋರಿಸಿ 65ನ್ನು 35 ಮಾಡುತ್ತದೆ. ಹಿಂಡ್ರೆನ್ಸ್ ರಿಜಿಸ್ಟರ್ (ಕೆಲಸಕ್ಕೆ ಬಂದ ಅಡ್ಡಿಗಳ ದಾಖಲೆ) ಇಟ್ಟಿದ್ದರೆ ಅದರ ಪ್ರತಿ ಕೇಳಿ. ಸೈಟ್ ಆರ್ಡರ್ ಪುಸ್ತಕ, ಕಾಂಕ್ರೀಟ್ ಕ್ಯೂಬ್ ಪರೀಕ್ಷೆಯ ರಿಜಿಸ್ಟರ್ ಕೂಡ ಬೇಕು. ಆ ಎರಡು ತಿಂಗಳಲ್ಲಿ ಒಂದೂ ಕ್ಯೂಬ್ ತೆಗೆದಿಲ್ಲ ಎಂದರೆ ಕಾಂಕ್ರೀಟ್ ಕೆಲಸ ನಡೆದೇ ಇಲ್ಲ ಎಂಬುದಕ್ಕೆ ಇಲಾಖೆಯ ರಿಜಿಸ್ಟರೇ ಸಾಕ್ಷಿ.

ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ₹10 ಶುಲ್ಕ, ಪುಟಕ್ಕೆ ₹2, 30 ದಿನದ ಗಡುವು. ಕೇಳುವಾಗ ‘ಎಲ್ಲಾ ದಾಖಲೆ’ ಎನ್ನಬೇಡಿ. ಎಂ.ಬಿ. ಸಂಖ್ಯೆ, ಪುಟ ಸಂಖ್ಯೆ, ವರ್ಕ್‌ಸ್ಲಿಪ್, ಇ.ಐ.ಆರ್.ಎಲ್. ಪ್ರಸ್ತಾವನೆಯ ಟಿಪ್ಪಣಿ ಹಾಳೆ, ಇ.ಒ.ಟಿ. ಪತ್ರಗಳ ಮೇಲಿನ ಟಿಪ್ಪಣಿ ಎಂದು ಬಿಡಿಬಿಡಿಯಾಗಿ ಕೇಳಿ. ಟಿಪ್ಪಣಿ ಹಾಳೆಯಲ್ಲಿ ‘ವಿಳಂಬ ಗುತ್ತಿಗೆದಾರರದ್ದಲ್ಲ, ಇ.ಒ.ಟಿ.ಗೆ ಶಿಫಾರಸು’ ಎಂದು ಎ.ಇ.ಇ. ಬರೆದಿರುವುದು ಅಪರೂಪವೇನಲ್ಲ. ಅದು ಸಿಕ್ಕರೆ ಅರ್ಧ ಕೇಸು ಮುಗಿದಂತೆ.

ಬಂಡೆ: ಟೆಂಡರ್ ಪ್ರಮಾಣದ ಶೇ 125 ದಾಟಿದ್ದಕ್ಕೆ ಬೇರೆ ದರ ಎಂಬ ಕಲಮು ನಮ್ಮ ಲೋಕೋಪಯೋಗಿ ಕರಾರುಗಳಲ್ಲಿ ಸಾಮಾನ್ಯ. ನಿಮ್ಮದರಲ್ಲೂ ಅಷ್ಟೇ ಇದ್ದರೆ 180ರ ಶೇ 125 ಅಂದರೆ 225 ಘ.ಮೀ. ಟೆಂಡರ್ ದರಕ್ಕೆ, ಉಳಿದ 385 ಘ.ಮೀ. ಆ ಕಲಮು ಹೇಳುವ ದರಕ್ಕೆ. ಅದು ಚಾಲ್ತಿ ಎಸ್.ಆರ್. (ಇಲಾಖೆಯ ದರಪಟ್ಟಿ) ದರವೋ, ಟೆಂಡರ್ ಪ್ರೀಮಿಯಂ (ಅಂದಾಜಿಗಿಂತ ಟೆಂಡರ್ ಹೆಚ್ಚು ಕಡಿಮೆಯಾದ ಶೇಕಡಾ) ಕೂಡಿಸಿಯೋ ಕಳೆದೋ, ಓದಿ ನೋಡಿ. ಬಂಡೆಯಲ್ಲಿ ಇನ್ನೊಂದು ತೊಡಕು ವರ್ಗೀಕರಣ. ಮೆದು ಬಂಡೆಯೋ, ಗಟ್ಟಿ ಬಂಡೆಯೋ ಎಂಬುದನ್ನು ಗುಂಡಿ ತೆರೆದಿದ್ದಾಗಲೇ ಎ.ಇ.ಇ. ಎಂ.ಬಿ.ಯಲ್ಲಿ ಬರೆದು, ಇ.ಇ. (ಕಾರ್ಯನಿರ್ವಾಹಕ ಎಂಜಿನಿಯರ್) ಮರು ಅಳತೆ, ಅಂದರೆ ಚೆಕ್ ಮೆಜರ್‌ಮೆಂಟ್ ಮಾಡಿರಬೇಕು. ಕಾಂಕ್ರೀಟ್ ಬಿದ್ದ ಮೇಲೆ ಆ ಜಗಳಕ್ಕೆ ಕೊನೆಯಿಲ್ಲ. ಚೆಕ್ ಮೆಜರ್‌ಮೆಂಟ್ ಸಹಿ ಇದೆಯೇ ಎಂದು ಇವತ್ತೇ ಖಚಿತ ಮಾಡಿಕೊಳ್ಳಿ.

---

ಕಲಮು_55

ಮೇಲಿನ ಪಟ್ಟಿಯ ಮೇಲೆ ಕಾನೂನು ಹೀಗೆ ಕೂರುತ್ತದೆ.

ಅವಧಿ ವಿಸ್ತರಿಸುವ ಕಲಮು ಮತ್ತು ದಿನಕ್ಕಿಷ್ಟು ದಂಡ ಎಂಬ ಕಲಮು ಎರಡೂ ಇರುವ ನಿರ್ಮಾಣ ಕರಾರಿನಲ್ಲಿ ಸಾಮಾನ್ಯವಾಗಿ ‘ಸಮಯವೇ ಕರಾರಿನ ಸಾರ’ (ತಡವಾದರೆ ಕರಾರನ್ನೇ ರದ್ದು ಮಾಡಬಹುದು) ಎಂದು ಹಿಡಿಯುವುದಿಲ್ಲ. ಹಿಂದ್ ಕನ್‌ಸ್ಟ್ರಕ್ಷನ್ ಕಾಂಟ್ರಾಕ್ಟರ್ಸ್ ವಿರುದ್ಧ ಮಹಾರಾಷ್ಟ್ರ ಸರ್ಕಾರ ಪ್ರಕರಣದಲ್ಲಿ (1979) ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ. ಸಮಯವೇ ಸಾರ ಎಂದು ಇಲಾಖೆ ಪಟ್ಟು ಹಿಡಿದರೂ, ಕರಾರು ಕಾಯ್ದೆ 1872ರ ಕಲಂ 55ರ ಮೂರನೇ ಭಾಗ ಅಡ್ಡ ಬರುತ್ತದೆ. ತಡವಾಗಿ ಆದ ಕೆಲಸವನ್ನು ಸ್ವೀಕರಿಸುವವರು, ಸ್ವೀಕರಿಸುವ ಹೊತ್ತಿನಲ್ಲೇ ‘ಪರಿಹಾರ ಕೇಳುತ್ತೇವೆ’ ಎಂದು ನೋಟಿಸ್ ಕೊಟ್ಟಿರಬೇಕು. 14-5-2024ರ ನಂತರ ದಂಡ ಹಿಡಿಯದೆ ಆರ್.ಎ. ಬಿಲ್ ಪಾಸು ಮಾಡಿ, ತಕರಾರಿಲ್ಲದೆ ಕಟ್ಟಡ ವಹಿಸಿಕೊಂಡು, ಆಮೇಲೆ ಎಲ್.ಡಿ. ಎಂದರೆ ಅದು ದುರ್ಬಲ. ಹಸ್ತಾಂತರ ಪತ್ರವನ್ನು ಅಕ್ಷರ ಅಕ್ಷರ ಓದಿ. ‘ಇಲಾಖೆಯ ಹಕ್ಕು ಕಾಯ್ದಿರಿಸಿ’ ಎಂಬ ಒಂದು ಸಾಲು ಅಲ್ಲಿದ್ದರೆ ಈ ವಾದದ ಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಎರಡನೆಯದು ಕಲಂ 74. ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಸಿಗುವುದು ‘ಯುಕ್ತ ಪರಿಹಾರ’. ನಷ್ಟವೇ ಆಗಿಲ್ಲವೆಂದರೆ ಎಲ್.ಡಿ. ಇಲ್ಲ ಎಂಬುದು ಕೈಲಾಶ್ ನಾಥ್ ಅಸೋಸಿಯೇಟ್ಸ್ ವಿರುದ್ಧ ಡಿ.ಡಿ.ಎ. (2015) ತೀರ್ಪಿನ ತಿರುಳು. ಆದರೆ ಒಂದು ಎಚ್ಚರಿಕೆ: ನಷ್ಟವನ್ನು ಸಾಬೀತುಪಡಿಸುವುದು ಕಷ್ಟವಾದ ಕಡೆ, ಮೊದಲೇ ಪ್ರಾಮಾಣಿಕವಾಗಿ ಅಂದಾಜಿಸಿದ ಮೊತ್ತವನ್ನು ಕೊಡಬಹುದು ಎಂದು ಒ.ಎನ್.ಜಿ.ಸಿ. ವಿರುದ್ಧ ಸಾ ಪೈಪ್ಸ್ (2003) ಹೇಳಿದೆ. ಸಾರ್ವಜನಿಕ ಕಟ್ಟಡ, ಮಕ್ಕಳಿಗೆ ತೊಂದರೆಯಾಯಿತು, ಅದನ್ನು ರೂಪಾಯಿಯಲ್ಲಿ ಹೇಗೆ ಅಳೆಯುವುದು ಎಂದು ಇಲಾಖೆ ಇದನ್ನೇ ಹಿಡಿಯುತ್ತದೆ. ಆದ್ದರಿಂದ ‘ನಷ್ಟವಿಲ್ಲ’ ಎಂಬುದೊಂದನ್ನೇ ನೆಚ್ಚಿಕೊಳ್ಳಬೇಡಿ. ವಿಳಂಬ ಯಾರದ್ದು ಎಂಬುದೇ ಮೊದಲ ವಾದವಾಗಿರಲಿ.

ಅದನ್ನು ತೀರ್ಮಾನಿಸುವವರು ಯಾರು? ನಮ್ಮ ರಾಜ್ಯದ್ದೇ ಪ್ರಕರಣವಿದೆ: ಕರ್ನಾಟಕ ಸರ್ಕಾರ ವಿರುದ್ಧ ಶ್ರೀ ರಾಮೇಶ್ವರ ರೈಸ್ ಮಿಲ್ಸ್, ತೀರ್ಥಹಳ್ಳಿ (1987). ಕರಾರು ಮುರಿದದ್ದನ್ನು ಎದುರು ಪಕ್ಷ ಒಪ್ಪದಿದ್ದಾಗ, ಕರಾರಿನ ಒಬ್ಬ ಪಕ್ಷಗಾರನಾದ ಸರ್ಕಾರದ ಅಧಿಕಾರಿಯೇ ತಪ್ಪು ಯಾರದ್ದೆಂದು ತೀರ್ಮಾನಿಸಿ ನಷ್ಟ ವಸೂಲಿ ಮಾಡುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಜೆ.ಜಿ. ಎಂಜಿನಿಯರ್ಸ್ ವಿರುದ್ಧ ಭಾರತ ಸರ್ಕಾರ (2011) ಇದೇ ತತ್ವವನ್ನು ನಿರ್ಮಾಣ ಕರಾರಿಗೆ ಅನ್ವಯಿಸಿದೆ: ದಂಡದ ಮೊತ್ತ ಲೆಕ್ಕ ಹಾಕುವ ಅಧಿಕಾರ ಎಂಜಿನಿಯರ್‌ಗೆ ಇದ್ದರೂ, ವಿಳಂಬದ ಹೊಣೆ ಯಾರದ್ದೆಂಬುದು ಅವರ ಅಂತಿಮ ತೀರ್ಮಾನಕ್ಕೆ ಬಿಟ್ಟದ್ದಲ್ಲ. ‘ಅಧೀಕ್ಷಕ ಅಭಿಯಂತರರ (ಎಸ್.ಇ.) ತೀರ್ಮಾನವೇ ಅಂತಿಮ’ ಎಂಬುದಕ್ಕೆ ಇವೆರಡೇ ಉತ್ತರ.

ಆ ಕಲಮನ್ನು ಆರ್ಬಿಟ್ರೇಷನ್ ಎಂದು ಓದಲು ಹೋಗಬೇಡಿ. ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ವಿರುದ್ಧ ದೀಪಕ್ ಕೇಬಲ್ಸ್ (2014) ಪ್ರಕರಣದಲ್ಲಿ ಎಂಜಿನಿಯರ್ ತೀರ್ಮಾನದ ಕಲಮು ಆರ್ಬಿಟ್ರೇಷನ್ ಒಪ್ಪಂದವಲ್ಲ ಎಂದಾಗಿದೆ. ಹೈಕೋರ್ಟ್‌ನಲ್ಲಿ ಆರ್ಬಿಟ್ರೇಟರ್ ನೇಮಕಕ್ಕೆ ಅರ್ಜಿ ಹಾಕಿ ಎರಡು ವರ್ಷ ಕಳೆದು ವಜಾ ಆದರೆ ಕಾಲಮಿತಿಯೂ ಹತ್ತಿರ ಬಂದಿರುತ್ತದೆ.

ನಿಮ್ಮ ದಾರಿ ವಾಣಿಜ್ಯ ನ್ಯಾಯಾಲಯದ ದಾವೆ. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ 2015ರಲ್ಲಿ ನಿರ್ಮಾಣ ಕರಾರು ಹೆಸರಿಟ್ಟೇ ಸೇರಿದೆ, 2018ರ ತಿದ್ದುಪಡಿ ನಂತರ ಮೌಲ್ಯದ ಮಿತಿ ₹3 ಲಕ್ಷ. ಎರಡು ಮೆಟ್ಟಿಲು ಹತ್ತಿಯೇ ಒಳಗೆ ಹೋಗಬೇಕು:

ಒಂದು, ಸಿವಿಲ್ ಪ್ರಕ್ರಿಯಾ ಸಂಹಿತೆ ಕಲಂ 80ರ ನೋಟಿಸ್. ಎರಡು ತಿಂಗಳು ಕಾಯಬೇಕು. ಆ ಅವಧಿ ಕಾಲಮಿತಿಯಲ್ಲಿ ಎಣಿಕೆಯಾಗುವುದಿಲ್ಲ.

ಇನ್ನೊಂದು, ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 12ಎ ಪ್ರಕಾರ ದಾವೆಗೆ ಮುನ್ನ ಮಧ್ಯಸ್ಥಿಕೆ. ತುರ್ತು ಮಧ್ಯಂತರ ಆದೇಶ ಕೇಳದ ದಾವೆಯನ್ನು ಇದಿಲ್ಲದೆ ಹಾಕಿದರೆ ದಾವೆಪತ್ರವನ್ನೇ ತಿರಸ್ಕರಿಸಬೇಕು ಎಂದು ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ (2022) ಆಗಿದೆ. ಅರ್ಜಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಇಲಾಖೆ ಬರದಿದ್ದರೆ ‘ಆರಂಭವಾಗಲಿಲ್ಲ’ ಎಂಬ ವರದಿ ಕೊಡುತ್ತಾರೆ, ಅದನ್ನು ದಾವೆಗೆ ಲಗತ್ತಿಸಿ.

ಕಾಲಮಿತಿ ಮೂರು ವರ್ಷ. ಪಾವತಿಗೆ ದಿನ ಗೊತ್ತುಮಾಡದ ಕೆಲಸದ ಹಣಕ್ಕೆ, ಕೆಲಸ ಮುಗಿದ ದಿನದಿಂದ. ಸುರಕ್ಷಿತವಾಗಿರಲು 10-12-2027ನ್ನೇ ಕೊನೆಯ ದಿನವೆಂದು ಗೋಡೆಗೆ ಬರೆದಿಡಿ. ಜ್ಞಾಪನ ಪತ್ರ ಬರೆಯುತ್ತಾ ಹೋದರೆ ಕಾಲಮಿತಿ ಬೆಳೆಯುವುದಿಲ್ಲ. ಬಿ.ಎಸ್.ಎನ್.ಎಲ್. ವಿರುದ್ಧ ನಾರ್ಟೆಲ್ (2021) ಅದನ್ನು ಸ್ಪಷ್ಟವಾಗಿ ಹೇಳಿದೆ. ಬೆಳೆಯುವುದು ಮೂರು ವರ್ಷದೊಳಗೆ ಇಲಾಖೆ ಸಹಿ ಹಾಕಿ ‘ಇಷ್ಟು ಬಾಕಿ ಇದೆ’ ಎಂದು ಬರೆದುಕೊಟ್ಟರೆ, ಅಥವಾ ಭಾಗಶಃ ಪಾವತಿ ಮಾಡಿ ಅದು ಬರಹದಲ್ಲಿದ್ದರೆ ಮಾತ್ರ.

ಕಪ್ಪುಪಟ್ಟಿಯ ಸಾಲನ್ನು ಹಗುರವಾಗಿ ಬಿಡಬೇಡಿ. ಯು.ಎಂ.ಸಿ. ಟೆಕ್ನಾಲಜೀಸ್ ವಿರುದ್ಧ ಎಫ್.ಸಿ.ಐ. (2020) ಪ್ರಕಾರ ನೋಟಿಸ್‌ನಲ್ಲಿ ಕಪ್ಪುಪಟ್ಟಿಗೆ ಸೇರಿಸುವ ಪ್ರಸ್ತಾವವೂ ಅದರ ಕಾರಣಗಳೂ ಸ್ಪಷ್ಟವಿರಬೇಕು. ನಿಮಗೆ ಬಂದದ್ದರಲ್ಲಿ ಪ್ರಸ್ತಾವವಿದೆ, ಪ್ರತ್ಯೇಕ ಕಾರಣವಿಲ್ಲ. ಉತ್ತರದಲ್ಲಿ ಬೇರೆ ಶೀರ್ಷಿಕೆ ಕೊಟ್ಟು ಅದನ್ನೇ ಎತ್ತಿ, ಖುದ್ದು ವಿಚಾರಣೆಗೆ ಅವಕಾಶ ಕೇಳಿ.

---

ಜಲ್ಲಿ_20ಎಂಎಂ

ದಾವೆ ಹಾಕಿದರೆ ಎಷ್ಟು ವರ್ಷ? ಹೈಕೋರ್ಟ್‌ಗೆ ರಿಟ್ (ಸರ್ಕಾರದ ಕ್ರಮದ ವಿರುದ್ಧ ನೇರ ಅರ್ಜಿ) ಹಾಕಿದರೆ ಬೇಗ. ಬಿಲ್ ಬಾಕಿಗೆ ಧಾರವಾಡ, ಕಲಬುರಗಿ ಪೀಠಗಳಲ್ಲಿ ಎಷ್ಟೊಂದು ಜನ ಹಾಕುತ್ತಾರೆ, ಆದೇಶವೂ ಸಿಗುತ್ತದೆ.

---

ಕಲಮು_55

ಸಿಗುತ್ತದೆ, ಒಪ್ಪಿದ ಹಣಕ್ಕೆ. ಸೂರ್ಯ ಕನ್‌ಸ್ಟ್ರಕ್ಷನ್ಸ್ ವಿರುದ್ಧ ಉತ್ತರ ಪ್ರದೇಶ ಸರ್ಕಾರ (2019) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಾಕಿಯನ್ನು ಇಲಾಖೆಯೇ ಒಪ್ಪಿದ್ದಾಗ ರಿಟ್ ನಡೆಯುತ್ತದೆ ಎಂದಿದೆ. ಬಿಲ್ ಪಾಸಾಗಿ ‘ಅನುದಾನ ಬಂದಿಲ್ಲ’ ಎಂದು ಕೂರಿಸಿದ್ದರೆ ರಿಟ್ ಸರಿಯಾದ ದಾರಿ. ಇಲ್ಲಿ ವಿಳಂಬ ಯಾರದ್ದು, ಬಂಡೆ ಎಷ್ಟು, ತಡೆಗೋಡೆಗೆ ಯಾವ ದರ ಎಂಬುದೆಲ್ಲ ಸಾಕ್ಷ್ಯದ ಪ್ರಶ್ನೆ. ಹೆಚ್ಚೆಂದರೆ ‘ಮನವಿಯನ್ನು ಇಂತಿಷ್ಟು ವಾರದಲ್ಲಿ ಪರಿಗಣಿಸಿ’ ಎಂಬ ಆದೇಶ ಬರುತ್ತದೆ, ಇಲಾಖೆ ಪರಿಗಣಿಸಿ ತಿರಸ್ಕರಿಸುತ್ತದೆ, ಮತ್ತೆ ಮೊದಲ ಮೆಟ್ಟಿಲು. ಕಪ್ಪುಪಟ್ಟಿ ಆದೇಶ ಬಂದರೆ ಮಾತ್ರ ರಿಟ್ ತಕ್ಷಣ ಹಾಕಬೇಕಾದದ್ದು.

ಫೈನಲ್ ಬಿಲ್ ಬಗ್ಗೆ ಇನ್ನೂ ಹೇಳಿರಲಿಲ್ಲ. ಸಹಿ ಹಾಕಿದ ‘ನೋ ಕ್ಲೈಮ್’ ಒತ್ತಾಯದಿಂದ ಪಡೆದದ್ದಾದರೆ ಅದೇ ಕೊನೆಯಲ್ಲ ಎಂದು ನ್ಯಾಷನಲ್ ಇನ್ಶೂರೆನ್ಸ್ ವಿರುದ್ಧ ಬೋಘಾರಾ ಪಾಲಿಫ್ಯಾಬ್ (2009) ಹೇಳಿದ್ದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಭರವಸೆಯಲ್ಲೇ ಸಹಿ ಹಾಕಿ ಬರುವವರೂ ಇದ್ದಾರೆ. ಅವರು ಓದಬೇಕಾದ್ದು ಒ.ಎನ್.ಜಿ.ಸಿ. ಮಂಗಳೂರು ಪೆಟ್ರೋಕೆಮಿಕಲ್ಸ್ ವಿರುದ್ಧ ಎ.ಎನ್.ಎಸ್. ಕನ್‌ಸ್ಟ್ರಕ್ಷನ್ಸ್ (2018). ಅಲ್ಲಿ ಗುತ್ತಿಗೆದಾರರು ನೋ ಡ್ಯೂ ಪತ್ರ ಕೊಟ್ಟು, ಹಣ ಪಡೆದು, ಆಮೇಲೆ ಒತ್ತಡವಿತ್ತು ಎಂದರು. ಒತ್ತಡಕ್ಕೆ ಸಾಕ್ಷ್ಯವಿಲ್ಲದ ಬರೀ ಮಾತು ಸಾಲದು ಎಂದು ಕೋರ್ಟ್ ಒಪ್ಪಲಿಲ್ಲ.

ಹಾಗಾಗಿ ಕ್ರಮ ಮುಖ್ಯ. ಸಹಿಗೆ ಮುಂಚೆಯೇ ಪತ್ರ, ಸಹಿಯ ದಿನವೇ ಪ್ರತಿಭಟನೆ. ಬಿಲ್‌ನ ಮೇಲೆ ಸಹಿಯ ಪಕ್ಕದಲ್ಲೇ ‘ಅಳತೆಗೆ ಮಾತ್ರ ಒಪ್ಪಿಗೆ, ಹಕ್ಕು ಕಾಯ್ದಿರಿಸಿ ಪ್ರತಿಭಟನೆಯೊಂದಿಗೆ’ ಎಂದು ಬರೆಯಿರಿ. ಬರೆಯಲು ಬಿಡದಿದ್ದರೆ ಅದೇ ದಿನ ಇ.ಇ. ಕಚೇರಿ ಟಪಾಲು ಶಾಖೆಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿ, ಅದೇ ಪತ್ರವನ್ನು ಇಮೇಲ್‌ನಲ್ಲೂ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. (ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನವಾಗಿದೆ, ಕೌಂಟರ್‌ನಲ್ಲಿ ಹಳೆಯ ಹೆಸರು ಹುಡುಕಬೇಡಿ. ತಲುಪಿದ ವರದಿಯನ್ನು ಮುದ್ರಿಸಿ ಇಟ್ಟುಕೊಳ್ಳಿ.) ಪತ್ರ ಹೀಗಿರಲಿ:

*‘ಮೇಲ್ಕಂಡ ಕಾಮಗಾರಿಯ ಫೈನಲ್ ಬಿಲ್‌ನಲ್ಲಿ ದಾಖಲಾದ ಅಳತೆಗಳಿಗೆ ಮಾತ್ರ ನಮ್ಮ ಒಪ್ಪಿಗೆ ಇದೆ. ‘ಯಾವುದೇ ಬೇಡಿಕೆ ಇಲ್ಲ’ ಎಂಬ ಒಕ್ಕಣೆಗೆ ಸಹಿ ಮಾಡದ ಹೊರತು ಒಪ್ಪಿತ ಮೊತ್ತವನ್ನೂ ಬಿಡುಗಡೆ ಮಾಡುವುದಿಲ್ಲ ಎಂದು ದಿನಾಂಕ … ರಂದು ತಮ್ಮ ಕಚೇರಿಯಲ್ಲಿ ತಿಳಿಸಲಾಗಿದೆ. ಬ್ಯಾಂಕ್ ಸಾಲ ಮತ್ತು ಸರಬರಾಜುದಾರರ ಬಾಕಿಯ ಒತ್ತಡದಿಂದ (ದಾಖಲೆ ಲಗತ್ತಿಸಿದೆ) ಸಹಿ ಮಾಡಲಾಗಿದೆ. ಈ ಕೆಳಗಿನವು ಇತ್ಯರ್ಥವಾಗದೆ ಉಳಿದಿವೆ: 1) ಎಲ್.ಡಿ. ಕಡಿತದ ಮರುಪಾವತಿ, 2) ಗಟ್ಟಿ ಬಂಡೆ ಅಗೆತ 385 ಘ.ಮೀ., 3) ತಡೆಗೋಡೆ, ಎಂ.ಬಿ. ಸಂ. … ಪುಟ …, 4) 160 ದಿನಗಳ ವಿಳಂಬದ ನಷ್ಟ, 5) ಇವುಗಳ ಮೇಲೆ ಈ ಪತ್ರದ ದಿನಾಂಕದಿಂದ ಬಡ್ಡಿ.’*

ಐದನೆಯದು ಸುಮ್ಮನೆ ಸೇರಿಸಿದ್ದಲ್ಲ. ಕರಾರಿನಲ್ಲಿ ಬಡ್ಡಿಯ ದರ ಇಲ್ಲದಿದ್ದಾಗ, ಬಡ್ಡಿ ಕೇಳುವ ಲಿಖಿತ ನೋಟಿಸ್ ಕೊಟ್ಟ ದಿನದಿಂದ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆಯ ಕಲಂ 3ರಲ್ಲಿ ಅವಕಾಶವಿದೆ. ಕರಾರಿನಲ್ಲೇ ‘ತಡವಾದ ಪಾವತಿಗೆ ಬಡ್ಡಿ ಇಲ್ಲ’ ಎಂದಿದ್ದರೆ ಮಾತ್ರ ಇದು ಕಷ್ಟ.

ಬ್ಯಾಂಕ್ ಸಾಲದ ದಾಖಲೆಯನ್ನು ನಿಜವಾಗಿಯೂ ಲಗತ್ತಿಸಿ. ಖಾತೆ ಎನ್.ಪಿ.ಎ. (ವಸೂಲಾಗದ ಸಾಲ) ಆಗುವ ಎಚ್ಚರಿಕೆ ಪತ್ರ, ಸಿಮೆಂಟ್ ಸರಬರಾಜುದಾರರ ನೋಟಿಸ್, ಏನಿದೆಯೋ ಅದು. ‘ಒತ್ತಡ’ ಎಂಬುದಕ್ಕೆ ಕೋರ್ಟ್ ಕೇಳುವುದು ಇದನ್ನೇ.

---

ಎಂಬಿ_ಪುಟ

ತಡೆಗೋಡೆಯ ₹31 ಲಕ್ಷಕ್ಕೆ ಎರಡು ಮಾತು. ಅದು ಎಂ.ಬಿ.ಯಲ್ಲಿ ದಾಖಲಾಗಿರುವುದೇ ದೊಡ್ಡ ಬಲ. ವಾಟ್ಸ್‌ಆ್ಯಪ್ ಸಂದೇಶವನ್ನು ಸ್ಕ್ರೀನ್‌ಶಾಟ್ ಮಾಡಿಟ್ಟು ಹಳೆಯ ಫೋನ್ ಮಾರಿಬಿಟ್ಟರೆ ಕೆಲಸ ಕೆಟ್ಟಿತು. ಫೋನ್ ಉಳಿಸಿ, ಚಾಟ್ ಎಕ್ಸ್‌ಪೋರ್ಟ್ ಮಾಡಿ. ಕೋರ್ಟ್‌ಗೆ ಹೋಗುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಇದ್ದ ಜಾಗದಲ್ಲಿ ಈಗ ಇದು, ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನೂ (ಕಡತ ತಿದ್ದಿಲ್ಲವೆಂದು ತೋರಿಸುವ ಸಂಕೇತ) ತುಂಬಬೇಕು.

ದರ: ಐಟಂಗಳು ಎಸ್.ಆರ್.ನಲ್ಲಿದ್ದರೆ ಆ ವರ್ಷದ, ಆ ವೃತ್ತದ ಎಸ್.ಆರ್. ಹಾಕಿ ಇ.ಐ.ಆರ್.ಎಲ್. ಕರಡನ್ನು ನೀವೇ ತಯಾರಿಸಿ ಕೊಡಿ. ಇಲ್ಲದ ಐಟಂಗೆ, ಉದಾಹರಣೆಗೆ ಗೋಡೆ ಹಿಂಬದಿಯ ಫಿಲ್ಟರ್ ಪದರ, ಸಾಮಗ್ರಿ, ಕೂಲಿ, ಯಂತ್ರ ಬಿಡಿಸಿ ದರ ವಿಶ್ಲೇಷಣೆ ಲಗತ್ತಿಸಿ. ಕರಡು ಕೊಡದೆ ‘ಮಂಜೂರು ಮಾಡಿ’ ಎಂದಷ್ಟೇ ಬರೆದ ಪತ್ರ ಕಡತದಲ್ಲಿ ಕೆಳಗೆ ಹೋಗುತ್ತದೆ.

---

ಕಲಮು_55

ಅದಕ್ಕೆ ಕಾನೂನಿನ ಕಡೆಯಿಂದ: ಸರ್ಕಾರದ ಕರಾರು ಸಂವಿಧಾನದ 299ನೇ ವಿಧಿಯಂತೆ ಬರಹದಲ್ಲಿ ರಾಜ್ಯಪಾಲರ ಹೆಸರಲ್ಲಿ ಇರಬೇಕು, ಬಾಯಿಮಾತಿಗೆ ಬೆಲೆಯಿಲ್ಲ ಎಂದು ಇಲಾಖೆ ಹೇಳುತ್ತದೆ. ಹಾಗಿದ್ದರೂ ಪ್ರತಿಫಲದ ನಿರೀಕ್ಷೆಯಿಂದ ಮಾಡಿದ ಕೆಲಸದ ಲಾಭ ಪಡೆದವರು ಹಣ ಕೊಡಬೇಕು ಎಂಬುದು ಕರಾರು ಕಾಯ್ದೆಯ ಕಲಂ 70, ಪಶ್ಚಿಮ ಬಂಗಾಳ ಸರ್ಕಾರ ವಿರುದ್ಧ ಬಿ.ಕೆ. ಮೊಂಡಲ್ (1962). ಆದರೆ ಆ ವಿಷಯಕ್ಕೆ ಕರಾರಿನಲ್ಲೇ ಕಲಮಿದ್ದರೆ ಕಲಂ 70 ಬರುವುದಿಲ್ಲ ಎಂದು ಎಂ.ಟಿ.ಎನ್.ಎಲ್. ವಿರುದ್ಧ ಟಾಟಾ ಕಮ್ಯುನಿಕೇಷನ್ಸ್ (2019) ಹೇಳಿದೆ. ನಿಮ್ಮ ಕರಾರಿನಲ್ಲಿ ಹೆಚ್ಚುವರಿ ಐಟಂ ಕಲಮು ಇದ್ದೇ ಇರುತ್ತದೆ. ಹಾಗಾಗಿ ಮೊದಲ ಬೇಡಿಕೆ ಕರಾರಿನ ಕಲಮಿನಡಿ, ಪರ್ಯಾಯವಾಗಿ ಕಲಂ 70ರಡಿ. ದಾವೆಪತ್ರದಲ್ಲಿ ಎರಡೂ ಇರಬೇಕು, ಈ ಕ್ರಮದಲ್ಲೇ.

---

ತೊಲೆ_ಕಂಬ

ವಿಳಂಬದ ನಷ್ಟ ಎಷ್ಟು ಕೇಳಬಹುದು ಎಂಬುದನ್ನು ಯಾರೂ ಮುಟ್ಟಲಿಲ್ಲ.

ಚಾಲ್ತಿಯಲ್ಲಿರುವುದು ಹಡ್ಸನ್ ಸೂತ್ರ. ಓವರ್‌ಹೆಡ್ ಮತ್ತು ಲಾಭ ಸೇರಿ ಕರಾರು ಮೊತ್ತದ ಶೇ 10 ಎಂದು ಹಿಡಿದರೆ ₹48 ಲಕ್ಷ, 365 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು ₹13,150, ಅದನ್ನು 160ರಿಂದ ಗುಣಿಸಿದರೆ ಸುಮಾರು ₹21 ಲಕ್ಷ. ಮೆಕ್‌ಡರ್ಮಾಟ್ ವಿರುದ್ಧ ಬರ್ನ್ ಸ್ಟ್ಯಾಂಡರ್ಡ್ (2006) ಪ್ರಕರಣದಲ್ಲಿ ಇಂಥ ಸೂತ್ರಗಳನ್ನು ಒಪ್ಪಿದ್ದಾರೆ. ಆದರೆ 2023ರ ಅಕ್ಟೋಬರ್‌ನಲ್ಲಿ ಬಂದ ಯೂನಿಬ್ರೋಸ್ ವಿರುದ್ಧ ಆಲ್ ಇಂಡಿಯಾ ರೇಡಿಯೊ ತೀರ್ಪಿನ ನಂತರ ಸೂತ್ರವೊಂದೇ ಸಾಲದು. ಆ ಅವಧಿಯಲ್ಲಿ ಬೇರೆ ಕೆಲಸ ಸಿಗುತ್ತಿತ್ತು, ಇದರಲ್ಲಿ ಸಿಕ್ಕಿಕೊಂಡಿದ್ದಕ್ಕೆ ಕೈತಪ್ಪಿತು ಎಂಬುದಕ್ಕೆ ಸಾಕ್ಷ್ಯ ಬೇಕು. ನೀವು ಬಿಡ್ ಸಾಮರ್ಥ್ಯ (ಕೈಯಲ್ಲಿರುವ ಕೆಲಸ ಕಳೆದು ಹೊಸದಕ್ಕೆ ಉಳಿಯುವ ಸಾಮರ್ಥ್ಯ) ಸಾಲದೆ ಅನರ್ಹರಾದ ಟೆಂಡರ್ ಇದ್ದರೆ, ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಲ್ಲಿರುವ ತಾಂತ್ರಿಕ ಮೌಲ್ಯಮಾಪನದ ಪ್ರತಿ ಅತ್ಯುತ್ತಮ ಸಾಕ್ಷ್ಯ.

ಲಾಭ ನಷ್ಟಕ್ಕಿಂತ ಕೈಯಿಂದ ಹೋದದ್ದನ್ನು ತೋರಿಸುವುದು ಸುಲಭ: ಸೈಟ್ ಎಂಜಿನಿಯರ್ ಸಂಬಳ ಹೋದ ಬ್ಯಾಂಕ್ ವಿವರ, ಸೆಂಟ್ರಿಂಗ್ ಪ್ಲೇಟ್ ಬಾಡಿಗೆ ರಸೀದಿ, ಕಾವಲುಗಾರನ ಕೂಲಿ, ಬಿ.ಜಿ. (ಬ್ಯಾಂಕ್ ಗ್ಯಾರಂಟಿ) ಕಮಿಷನ್, ಆ ತಿಂಗಳುಗಳ ಪಿ.ಎಫ್. ಇ.ಸಿ.ಆರ್. (ಕಾರ್ಮಿಕರ ಹೆಸರಿರುವ ಮಾಸಿಕ ಪಟ್ಟಿ). ಅಂದಹಾಗೆ, ಇ.ಸಿ.ಆರ್. ಎರಡೂ ಕಡೆ ಹರಿತ. 65 ದಿನ 40 ಜನ ಸುಮ್ಮನೆ ಕೂತಿದ್ದರು ಎಂದು ಕ್ಲೈಮ್‌ನಲ್ಲಿ ಬರೆದು, ಇ.ಸಿ.ಆರ್.ನಲ್ಲಿ 11 ಹೆಸರಿದ್ದರೆ ಕ್ಲೈಮ್ ಬೀಳುವುದರ ಜೊತೆಗೆ ಪಿ.ಎಫ್. ವಿಚಾರಣೆಗೂ ನೀವೇ ದಾರಿ ತೋರಿಸಿದಂತೆ. ಯಂತ್ರ ಬೇರೆ ಸೈಟ್‌ಗೆ ಕಳಿಸಿದ್ದರೆ ಆ ದಿನಗಳನ್ನು ಕಳೆಯಿರಿ. ನಷ್ಟ ತಗ್ಗಿಸಲು ಇದ್ದ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಕಲಂ 73ರ ವಿವರಣೆಯಲ್ಲೇ ಇದೆ.

ಇದೆಲ್ಲಕ್ಕೂ ಮುಂಚೆ ನಿಮ್ಮ ಎರಡು ಇ.ಒ.ಟಿ. ಪತ್ರ ತೆಗೆದು ನೋಡಿ. ‘ಹೆಚ್ಚುವರಿ ಪರಿಹಾರ ಕೇಳುವುದಿಲ್ಲ’ ಎಂಬ ಸಿದ್ಧ ವಾಕ್ಯ ಅದರಲ್ಲಿ ಇದೆಯೇ? ಕಚೇರಿಯಲ್ಲಿ ಕೊಡುವ ನಮೂನೆಯಲ್ಲೇ ಎಷ್ಟೋ ಸಲ ಅದು ಅಚ್ಚಾಗಿರುತ್ತದೆ. ಹಾಗೆಯೇ ಕರಾರಿನಲ್ಲಿ ‘ಇಲಾಖೆಯ ವಿಳಂಬಕ್ಕೆ ಅವಧಿ ವಿಸ್ತರಣೆ ಮಾತ್ರ, ಪರಿಹಾರವಿಲ್ಲ’ ಎಂಬ ಕಲಮಿದ್ದರೆ ರಾಮನಾಥ್ ಇಂಟರ್‌ನ್ಯಾಷನಲ್ (2007) ತೀರ್ಪು ನಿಮ್ಮ ವಿರುದ್ಧ ಬರುತ್ತದೆ. ಆಗ ₹21 ಲಕ್ಷದ ಹಿಂದೆ ಬಿದ್ದು ಕೋರ್ಟ್ ಶುಲ್ಕ ಕಟ್ಟುವುದಕ್ಕಿಂತ ಎಲ್.ಡಿ., ಬಂಡೆ, ತಡೆಗೋಡೆ ಈ ಮೂರಕ್ಕೇ ನಿಲ್ಲುವುದು ಲೇಸು.

ತೆರಿಗೆ, ಕಡಿತಗಳು: ಎಲ್.ಡಿ. ಮೇಲೆ ಜಿಎಸ್‌ಟಿ ಹಾಕಿದ್ದರೆ ತೆಗೆಸಿ. ಕರಾರು ಉಲ್ಲಂಘನೆಯ ಎಲ್.ಡಿ.ಗೆ ಜಿಎಸ್‌ಟಿ ಇಲ್ಲ ಎಂದು 3-8-2022ರ ಕೇಂದ್ರ ಸುತ್ತೋಲೆ ಇದೆ. ಜಲ್ಲಿ, ಎಂ-ಸ್ಯಾಂಡ್‌ಗೆ ಎಂ.ಡಿ.ಪಿ. (ಖನಿಜ ಸಾಗಣೆ ಪರವಾನಗಿ) ಪ್ರತಿ ಕೊಟ್ಟಿದ್ದರೂ ರಾಜಧನ ಕಡಿದಿದ್ದಾರೆಯೇ ನೋಡಿ. ಕಾರ್ಮಿಕ ಕಲ್ಯಾಣ ಸೆಸ್ ಶೇ 1 ಮಾತ್ರ.

---

ಪಾಯ_ಮಟ್ಟ

ಇ.ಒ.ಟಿ. ಪತ್ರ ನಮ್ಮ ಲೆಟರ್‌ಹೆಡ್‌ನದ್ದೇ, ಆ ವಾಕ್ಯ ಇಲ್ಲ. ಹಸ್ತಾಂತರ ಪತ್ರದಲ್ಲೂ ಹಕ್ಕು ಕಾಯ್ದಿರಿಸಿದ ಸಾಲಿಲ್ಲ. ಇನ್ನೆರಡು ವಿಷಯ. ಭದ್ರತಾ ಠೇವಣಿಯ ಬಿ.ಜಿ. ಮುಂದಿನ ತಿಂಗಳು ಮುಗಿಯುತ್ತದೆ. ‘ವಿಸ್ತರಿಸಿ, ಇಲ್ಲವೇ ನಗದೀಕರಿಸುತ್ತೇವೆ’ ಎಂದು ಬ್ಯಾಂಕಿಗೆ ಪತ್ರ ಹೋಗಿದೆ. ಕಿಟಕಿ, ಗ್ರಿಲ್ ಮಾಡಿದ ಉಪಗುತ್ತಿಗೆದಾರರು ಎಂ.ಎಸ್.ಎಂ.ಇ. (ಸಣ್ಣ ಉದ್ದಿಮೆಗಳ ಬಾಕಿ ಕೊಡಿಸುವ) ಕೌನ್ಸಿಲ್‌ಗೆ ಹೋಗುತ್ತೇವೆ ಎನ್ನುತ್ತಿದ್ದಾರೆ. ಇಲಾಖೆ ಕೊಟ್ಟ ಮೇಲೆ ಕೊಡುವುದು ಎಂದು ಅವರ ವರ್ಕ್ ಆರ್ಡರ್‌ನಲ್ಲಿದೆ.

---

ಕಲಮು_55

ಉಪಗುತ್ತಿಗೆಯದು ಮೊದಲು. ಕಿಟಕಿ ತಯಾರಿಸಿ ಕೊಟ್ಟದ್ದು ಸರಬರಾಜು ಎಂದಾದರೆ ಎಂ.ಎಸ್.ಎಂ.ಇ.ಡಿ. ಕಾಯ್ದೆ 2006 ನೇರ ಅನ್ವಯ. ಕರಾರಿನಲ್ಲಿ ಏನೇ ಇರಲಿ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಆಮೇಲೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ‘ಇಲಾಖೆ ಕೊಟ್ಟ ಮೇಲೆ’ ಎಂಬ ಷರತ್ತು ಅಲ್ಲಿ ನಿಲ್ಲುವುದಿಲ್ಲ. ಕೌನ್ಸಿಲ್ ಆದೇಶವನ್ನು ಪ್ರಶ್ನಿಸಬೇಕಾದರೆ ಶೇ 75 ಠೇವಣಿ ಇಡಬೇಕು. ಕಟ್ಟಡ ಕಾಮಗಾರಿಯಂಥ ವರ್ಕ್ಸ್ ಕಾಂಟ್ರಾಕ್ಟ್‌ಗೆ ಈ ಕಾಯ್ದೆ ಬರುವುದಿಲ್ಲ ಎಂದು ಬಾಂಬೆ ಹೈಕೋರ್ಟ್ ಹೇಳಿದ ತೀರ್ಪುಗಳಿವೆ. ಆ ವಾದವನ್ನು ಎತ್ತಬಹುದು, ನೆಚ್ಚಿಕೊಂಡು ಕೂರುವಂತಿಲ್ಲ. ಅವರೊಡನೆ ಕಂತು ಗೊತ್ತುಮಾಡಿ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳುವುದು ಅಗ್ಗ. ಅವರಿಗೂ ಇಲಾಖೆಗೂ ಕರಾರಿಲ್ಲ, ಹಾಗಾಗಿ ಅವರು ಹಿಡಿಯಲು ಇರುವುದು ನಿಮ್ಮನ್ನೇ.

ಬಿ.ಜಿ.ಯನ್ನು ವಿಸ್ತರಿಸಿಬಿಡಿ. ಷರತ್ತಿಲ್ಲದ ಗ್ಯಾರಂಟಿ ನಗದಾಗುವುದನ್ನು ಕೋರ್ಟ್ ತಡೆಯುವುದು ಗಂಭೀರ ವಂಚನೆ ಅಥವಾ ಸರಿಪಡಿಸಲಾಗದ ಹಾನಿ ಕಂಡಾಗ ಮಾತ್ರ. ‘ವಿಳಂಬ ನಮ್ಮದಲ್ಲ’ ಎಂಬ ತಕರಾರು ಅದರೊಳಗೆ ಬರುವುದಿಲ್ಲ. ನಗದಾದರೆ ಆ ಹಣ ವಾಪಸು ಪಡೆಯಲು ನೀವೇ ದಾವೆ ಹೂಡಬೇಕು, ಬ್ಯಾಂಕ್ ಅದನ್ನು ನಿಮ್ಮ ಮೇಲಿನ ಸಾಲವಾಗಿ ತಿರುಗಿಸುತ್ತದೆ, ಮುಂದಿನ ಟೆಂಡರ್‌ಗೆ ಸಾಲ ಸೌಲಭ್ಯದ ಪತ್ರ ಸಿಗುವುದೂ ಕಷ್ಟ.

ವಿಸ್ತರಣೆಯ ಪತ್ರದಲ್ಲಿ ಒಂದು ಸಾಲು ಸೇರಿಸಿ: ‘ದೋಷ ಹೊಣೆಗಾರಿಕೆ ಅವಧಿಯ ಬಾಧ್ಯತೆಗಾಗಿ ಮಾತ್ರ ವಿಸ್ತರಿಸಲಾಗಿದೆ, ಎಲ್.ಡಿ. ನೋಟಿಸ್‌ನಲ್ಲಿನ ಬೇಡಿಕೆಯನ್ನು ಒಪ್ಪಿರುವುದಿಲ್ಲ.’ ಈ ಸಾಲು ಇಲಾಖೆಗೆ ಬರೆಯುವ ಪತ್ರದಲ್ಲಿರಲಿ. ಬ್ಯಾಂಕಿನ ತಿದ್ದುಪಡಿ ಪತ್ರದೊಳಗೆ ತುರುಕಿದರೆ ಷರತ್ತಿನ ಗ್ಯಾರಂಟಿ ಎಂದು ಇಲಾಖೆ ವಾಪಸು ಕಳಿಸಿ, ಹಳೆಯದನ್ನು ಅವಧಿಯೊಳಗೆ ನಗದೀಕರಿಸುತ್ತದೆ. ತಿದ್ದುಪಡಿ ಪತ್ರವನ್ನು ಹಳೆಯ ಬಿ.ಜಿ. ಮುಗಿಯುವ ಒಂದು ವಾರ ಮೊದಲೇ ಇ.ಇ. ಕಚೇರಿ ಲೆಕ್ಕಪತ್ರ ಶಾಖೆಗೆ ಮುಟ್ಟಿಸಿ ಮುದ್ರೆ ಹಾಕಿಸಿಕೊಳ್ಳಿ.